ಹೇಂಟೆ ಕಾವಿಗೆ ಕೂತಿದೆ, ಮುಂದೇನು?

ಊರ ಕೋಳಿ ಸಾಕಲು ಶುರು ಮಾಡಿ ಏಳೆಂಟು ತಿಂಗಳಾಗಿರುತ್ತದೆ. ಒಂದು ದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಎಲ್ಲ ಕೋಳಿಗಳೂ ಹೊರಗೆ ಓಡುತ್ತವೆ, ಒಂದು ಹೇಂಟೆ ಮಾತ್ರ ಏಳುವುದಿಲ್ಲ. ಕೈ ಹತ್ತಿರ ಒಯ್ದರೆ ಗರಿ ಕೆದರಿ ಮೈಯನ್ನು ದೊಡ್ಡದು ಮಾಡಿಕೊಂಡು ಗಂಟಲೊಳಗಿಂದ ಗುರುಗುಟ್ಟುತ್ತದೆ. ಹೊಟ್ಟೆಯಡಿ ಕೈ ಹಾಕಿದರೆ ಅಲ್ಲಿ ಗರಿ ಉದುರಿ ಬರಿಯ ಚರ್ಮ, ಅದೂ ಬಿಸಿ ಬಿಸಿ. ಇದು ರೋಗವಲ್ಲ, ಹೇಂಟೆ ಕಾವಿಗೆ ಕೂತಿದೆ.

ಉಡುಪಿ ಹತ್ತಿರದ ಹಿರಿಯಡ್ಕ ಕಡೆಯ ನಮ್ಮ ಮನೆಯಲ್ಲಿ ಮೊದಲ ಸಲ ಹೀಗಾದಾಗ ನಾನು ಮೇ ತಿಂಗಳಲ್ಲಿ 13 ಮೊಟ್ಟೆ ಇಟ್ಟೆ, ಬಂದದ್ದು 3 ಮರಿ. ಕೋಳಿ ಸರಿಯಾಗಿ ಕೂರಲಿಲ್ಲ ಎಂದುಕೊಂಡಿದ್ದೆ. ಉಳಿದ ಮೊಟ್ಟೆಗಳನ್ನು ತೋಟಕ್ಕೆ ಒಯ್ದು ಒಡೆದು ನೋಡಿದಾಗ ಹೆಚ್ಚಿನವು ಮೊದಲ ನಾಲ್ಕೈದು ದಿನದಲ್ಲೇ ಕೆಟ್ಟಿದ್ದವು. ತಪ್ಪು ಕೋಳಿಯದ್ದಾಗಿರಲಿಲ್ಲ. ಅಡುಗೆಮನೆಯ ಅಟ್ಟದ ಮೇಲೆ ಎರಡು ವಾರ ಕೂಡಿಟ್ಟ ಮೊಟ್ಟೆಗಳನ್ನು ನಾನು ಅದಕ್ಕೆ ಕೊಟ್ಟಿದ್ದೆ. ಕಾವು ಕೊಡುವ ಕೆಲಸ ಹೇಂಟೆಗೆ ನಮಗಿಂತ ಚೆನ್ನಾಗಿ ಗೊತ್ತು. ಯಾವ ಮೊಟ್ಟೆ, ಎಷ್ಟು ಹಳೆಯದು, ಎಲ್ಲಿ, ಯಾವ ತಿಂಗಳು ಎಂಬುದೆಲ್ಲ ನಮ್ಮ ಕೈಯಲ್ಲಿದೆ. ಮರಿಗಳ ಲೆಕ್ಕ ಹೆಚ್ಚು ಕಡಿಮೆ ಆಗುವುದು ಹೆಚ್ಚಾಗಿ ಅಲ್ಲಿಯೇ. ಹಾಗಾಗಿ ಈ ಬರಹದಲ್ಲಿ ಕೋಳಿ ಕೂರುವುದಕ್ಕಿಂತ ಮುಂಚಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಿಜವಾಗಿ ಕಾವಿಗೆ ಕೂತಿದೆಯೇ ನೋಡಿಕೊಳ್ಳಿ

ಮೊಟ್ಟೆ ಇಡುವ ಕೋಳಿಯೂ ಗೂಡಿನಲ್ಲಿ ಒಂದು ಗಂಟೆ ಕೂರುತ್ತದೆ. ಹಗಲಿನಲ್ಲಿ ನೋಡಿ ತೀರ್ಮಾನಿಸಬೇಡಿ. ಕತ್ತಲಾದ ಮೇಲೆ ಉಳಿದವು ಕೋಲಿನ ಮೇಲೆ ಹತ್ತಿ ಕೂತಾಗಲೂ ಇದು ಮೊಟ್ಟೆಯ ಜಾಗದಲ್ಲೇ ಇದೆಯೇ? ಎರಡು ರಾತ್ರಿ ಹಾಗೆ ಕಂಡರೆ ನಂಬಬಹುದು. ಅಷ್ಟರವರೆಗೆ ಅದರಡಿ ಒಳ್ಳೆಯ ಮೊಟ್ಟೆ ಇಡಬೇಡಿ. ಮರದ ಮೊಟ್ಟೆ, ಗಾಲ್ಫ್ ಚೆಂಡು, ಹೊಳೆಯಲ್ಲಿ ಸಿಗುವ ನುಣುಪಾದ ಬಿಳಿ ಕಲ್ಲು, ಯಾವುದಾದರೂ ಎರಡು ಮೂರು ಸಾಕು.

ಎಲ್ಲ ಜಾತಿಯ ಕೋಳಿಯೂ ಕಾವಿಗೆ ಕೂರುವುದಿಲ್ಲ. ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುವ ಫಾರಂ ಕೋಳಿಗಳಲ್ಲಿ ಈ ಗುಣವನ್ನು ತಳಿ ಆಯ್ಕೆಯಲ್ಲೇ ತೆಗೆದುಬಿಟ್ಟಿದ್ದಾರೆ, ಯಾಕೆಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾ ಕೂಡ ಸಾಮಾನ್ಯವಾಗಿ ಕೂರುವುದಿಲ್ಲ. ಅವುಗಳ ಮೊಟ್ಟೆಯನ್ನು ಊರ ಹೇಂಟೆಯ ಅಡಿ ಇಡಬಹುದು. ಆದರೆ ಅವು ಮಿಶ್ರ ತಳಿಗಳಾದ್ದರಿಂದ ಮರಿಗಳು ತಾಯಿಯ ಹಾಗೆಯೇ ಬೆಳೆಯುತ್ತವೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಮರಿ ಮಾಡಿಸಲು ಊರ ಹೇಂಟೆಯೇ ಬೇಕು. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಷ್ಟೇ ಇಟ್ಟರೂ ಈ ಒಂದು ಕೆಲಸದಲ್ಲಿ ಅದನ್ನು ಮೀರಿಸುವ ಕೋಳಿ ಇಲ್ಲ.

ಮೊಟ್ಟೆಯ ಆಯ್ಕೆ

ಹುಂಜ ಇಲ್ಲದ ಮನೆಯ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ. ಗೊತ್ತಿರುವ ವಿಷಯವೇ ಆದರೂ ಅಂಗಡಿಯಿಂದ ಕಂದು ಮೊಟ್ಟೆ ತಂದು ಕಾವಿಗಿಟ್ಟು 21 ದಿನ ಕಾದವರನ್ನು ನಾನು ನೋಡಿದ್ದೇನೆ, ಅದಕ್ಕೆ ಹೇಳಿದೆ. ಚಿಪ್ಪು ಕಂದು ಬಣ್ಣ ಇದ್ದ ಮಾತ್ರಕ್ಕೆ ಅದು ಊರ ಮೊಟ್ಟೆಯಲ್ಲ. ಎಂಟು ಹತ್ತು ಹೇಂಟೆಗೆ ಒಂದು ಚುರುಕಾದ ಹುಂಜ ಸಾಕು. ನಿಮ್ಮಲ್ಲಿ ಹುಂಜ ಇಲ್ಲದಿದ್ದರೆ ಹುಂಜ ಇರುವ ನೆರೆಮನೆಯಿಂದ ಮೊಟ್ಟೆ ಕೇಳಿ ತನ್ನಿ.

ತೀರ ಸಣ್ಣದು, ತೀರ ದೊಡ್ಡದು, ಉರುಟಾದದ್ದು, ಚಿಪ್ಪು ತೆಳುವಾದದ್ದು ಬೇಡ. ಕೂದಲೆಳೆಯಷ್ಟು ಬಿರುಕು ಇದ್ದರೂ ಬೇಡ. ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲನೆ ತಾಗಿಸಿದರೆ ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಶಬ್ದ ಮಾಡುತ್ತದೆ. ಮೊಟ್ಟೆಯನ್ನು ತೊಳೆಯಬೇಡಿ. ಚಿಪ್ಪಿನ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಅವುಗಳನ್ನು ಮುಚ್ಚುವ ಒಂದು ತೆಳು ಲೇಪ ಮೊಟ್ಟೆಯ ಜೊತೆಗೇ ಬಂದಿರುತ್ತದೆ. ತೊಳೆದರೆ ಆ ಲೇಪ ಹೋಗಿ ಕೊಳೆಯ ನೀರು ಒಳಗೆ ಇಳಿಯುತ್ತದೆ. ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಬಹಳ ಕೊಳಕಾದದ್ದನ್ನು ಅಡುಗೆಗೆ ಬಳಸಿಬಿಡಿ.

ಇನ್ನು ಕರಾವಳಿಯವರು ಮುಖ್ಯವಾಗಿ ಗಮನಿಸಬೇಕಾದದ್ದು ಮೊಟ್ಟೆಯ ವಯಸ್ಸು. ಕಾವಿಗಿಡುವ ಮೊಟ್ಟೆಯನ್ನು 13ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಒಂದು ವಾರ ಧಾರಾಳವಾಗಿ ಉಳಿಯುತ್ತದೆ. ನಮ್ಮಲ್ಲಿ ಅಷ್ಟು ತಂಪು ಎಲ್ಲಿ ಸಿಗಬೇಕು? ಮಾರ್ಚ್‌ನಿಂದ ಮೇವರೆಗೆ ಮಂಗಳೂರು, ಉಡುಪಿಯಲ್ಲಿ ಹಗಲು 33 ಡಿಗ್ರಿ ದಾಟುತ್ತದೆ, ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಸುಮಾರು 25 ಡಿಗ್ರಿ ದಾಟಿದರೆ ಮೊಟ್ಟೆಯೊಳಗಿನ ಜೀವ ನಿಧಾನಕ್ಕೆ ಬೆಳೆಯಲು ತೊಡಗುತ್ತದೆ. ಆದರೆ ಪೂರ್ತಿ ಬೆಳೆಯಲು ಬೇಕಾದ ಕಾವು ಸಿಗದೆ ಸೊರಗಿ ಸಾಯುತ್ತದೆ. ಹೊರಗಿನಿಂದ ನೋಡಿದರೆ ಮೊಟ್ಟೆ ಹೊಸದರ ಹಾಗೇ ಇರುತ್ತದೆ. ನನ್ನ ಅಟ್ಟದ ಮೇಲಿನ ಮೊಟ್ಟೆಗಳಿಗೆ ಆದದ್ದು ಇದೇ. ಹಾಗೆಂದು ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿನ ನಾಲ್ಕೈದು ಡಿಗ್ರಿ ಚಳಿಗೆ ಮರಿಯಾಗುವ ಶಕ್ತಿ ಕುಗ್ಗುತ್ತದೆ.

ನಾನು ಈಗ ಮಾಡುವುದು ಹೀಗೆ. ಮಣ್ಣಿನ ಮಡಕೆಯಲ್ಲಿ ಅರ್ಧದಷ್ಟು ಮರಳು ಹಾಕಿ, ಮನೆಯ ಅತಿ ತಂಪಾದ ಮೂಲೆಯಲ್ಲಿ ಇಡುತ್ತೇನೆ. ನಮ್ಮಲ್ಲಿ ಅದು ಬಚ್ಚಲಿನ ಪಕ್ಕದ, ಬಿಸಿಲು ಬೀಳದ ಗೋಡೆ. ಮಡಕೆಯ ಹೊರಮೈಗೆ ಒದ್ದೆ ಬಟ್ಟೆ ಸುತ್ತಿದರೆ ಇನ್ನಷ್ಟು ತಂಪು, ಒಳಗಿನ ಮರಳು ಮಾತ್ರ ಒಣಗಿಯೇ ಇರಬೇಕು. ಮೊಟ್ಟೆಯ ಚೂಪು ತುದಿ ಕೆಳಗೆ, ಅಗಲದ ತುದಿ ಮೇಲೆ. ಮೇಲೆ ತೆಳು ಬಟ್ಟೆ. ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ತಾರೀಕು ಬರೆಯುತ್ತೇನೆ.

ಊರ ಹೇಂಟೆ ಒಂದು ಸರದಿಯಲ್ಲಿ ಹನ್ನೆರಡು ಹದಿನೈದು ಮೊಟ್ಟೆ ಇಡುತ್ತದೆ, ಅದೂ ಎಲ್ಲ ದಿನ ಅಲ್ಲ. ಕಾವಿಗೆ ಕೂರುವ ಹೊತ್ತಿಗೆ ಮೊದಲ ಮೊಟ್ಟೆಗೆ ಎರಡು ವಾರ ದಾಟಿರುತ್ತದೆ. ಆದ್ದರಿಂದ ಮೊದಲ ಮೊಟ್ಟೆಗಳನ್ನು ಸಂಕಟಪಡದೆ ತಿಂದುಬಿಡಿ, ಕೊನೆಯವನ್ನು ಇಟ್ಟುಕೊಳ್ಳಿ. ಚಳಿ ದಿನಗಳಲ್ಲಿ ಒಂದು ವಾರದೊಳಗಿನವು, ಸೆಕೆಯ ದಿನಗಳಲ್ಲಿ ನಾಲ್ಕೈದು ದಿನದೊಳಗಿನವು. ಲೆಕ್ಕ ಕಡಿಮೆ ಬಿದ್ದರೆ ಬೇರೆ ಹೇಂಟೆಯ ಹೊಸ ಮೊಟ್ಟೆ ಸೇರಿಸಿ, ಕಾವಿಗೆ ಕೂತ ಹೇಂಟೆ ಬೇಡ ಎನ್ನುವುದಿಲ್ಲ.

ಯಾವ ತಿಂಗಳು

ದೀಪಾವಳಿ ಕಳೆದು ಗುಡುಗು ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ನಮಗೆ ಅತಿ ಒಳ್ಳೆಯ ಕಾಲ. ಮೊಟ್ಟೆ ಉಳಿಯುತ್ತದೆ, ಕೂತ ಕೋಳಿಗೆ ಸೆಕೆಯಾಗುವುದಿಲ್ಲ, ಮಳೆ ಹಿಡಿಯುವುದರೊಳಗೆ ಮರಿಗಳಿಗೆ ಗಟ್ಟಿ ಗರಿ ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳಾದ ಆಟಿಯಲ್ಲಿ, ಹೊಸಬರು ಇಡದಿರುವುದೇ ಒಳ್ಳೆಯದು. 21 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇಕಡ 12ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ಹಾಗೆ ಖಾಲಿಯಾದ ಜಾಗದಲ್ಲೇ ಅಗಲದ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಮರಿ ಮೊದಲ ಉಸಿರು ತೆಗೆಯುವುದು ಅಲ್ಲಿಂದ. ಬಟ್ಟೆಯೇ ಒಣಗದ ಮಳೆಗಾಲದಲ್ಲಿ ಮೊಟ್ಟೆಯ ತೇವ ಹೊರಗೆ ಹೋಗುವುದು ನಿಧಾನ. ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿರುವುದು ಆ ತಿಂಗಳುಗಳಲ್ಲಿ ಹೆಚ್ಚು. ಕೊನೆಯ ದಿನಗಳಲ್ಲಿ ಮೊಟ್ಟೆಗೆ ನೀರು ಚಿಮುಕಿಸಿ ಎಂದು ಯಾರಾದರೂ ಹೇಳಿದರೆ, ಅದು ಬಯಲುಸೀಮೆಯ ಒಣ ಹವೆಗೆ ಸರಿಯಿರಬಹುದು. ನಮ್ಮಲ್ಲಿ ಬೇಡ.

ಜಾಗ ಮತ್ತು ಬುಟ್ಟಿ

ಬೇರೆ ಕೋಳಿಗಳ ಜೊತೆಗೆ ಕೂರಿಸಿದರೆ ಅವೂ ಅದೇ ಜಾಗದಲ್ಲಿ ದಿನಾ ಮೊಟ್ಟೆ ಇಡುತ್ತವೆ. ಹಳೆಯದರ ಜೊತೆ ಹೊಸದು ಬೆರೆತರೆ ಒಂದು ಮರಿಯಾಗುವಾಗ ಇನ್ನೊಂದು ಅರ್ಧದಲ್ಲಿರುತ್ತದೆ, ತಾಯಿ ಮರಿಗಳ ಜೊತೆ ಎದ್ದು ಹೋದರೆ ಉಳಿದದ್ದೆಲ್ಲ ಹಾಳು. ಬೇರೆಯೇ ಜಾಗ ಮಾಡಿ: ಕೊಟ್ಟಿಗೆಯ ಮೂಲೆ, ಸೌದೆ ಕೋಣೆ, ಹಿಂಬದಿಯ ಜಗಲಿ. ಅರೆಗತ್ತಲೆ, ಗಾಳಿಯಾಟ ಇರಬೇಕು. ಕಾಂಕ್ರೀಟ್ ಮಾಡಿಗಿಂತ ಹಂಚಿನ ಮಾಡಿನ ಕೆಳಗೆ ಸೆಕೆ ಕಡಿಮೆ.

ಪ್ಲಾಸ್ಟಿಕ್ ಬಕೆಟ್, ಟಬ್ಬು ಬೇಡ, ಒಳಗೆ ಬೆವರು ಕಟ್ಟುತ್ತದೆ. ನಮ್ಮ ಜಿಲ್ಲೆಗಳಲ್ಲಿ ಕೊರಗ ಸಮುದಾಯದವರು ಬಿದಿರು ಮತ್ತು ಕಾಡುಬಳ್ಳಿಗಳಿಂದ ನೇಯುವ ಬುಟ್ಟಿಗಳಿಗಿಂತ ಈ ಕೆಲಸಕ್ಕೆ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದೂಕಾಲು ಅಡಿ ಅಗಲದ, ತೀರ ಆಳವಲ್ಲದ ಬುಟ್ಟಿ. ಅಡಿಗೆ ಎರಡು ಬೊಗಸೆ ಒಣ ಮರಳು ಅಥವಾ ಮಣ್ಣು, ಮೇಲೆ ಒಣಗಿದ ಬೈಹುಲ್ಲು. ಹುಲ್ಲನ್ನು ಮುಷ್ಟಿಯಿಂದ ಒತ್ತಿ ಊಟದ ಬಟ್ಟಲಿನಷ್ಟು ತಗ್ಗು ಮಾಡಿ. ತಗ್ಗು ಹೆಚ್ಚಾದರೆ ಮೊಟ್ಟೆ ಒಂದರ ಮೇಲೊಂದು ಬೀಳುತ್ತದೆ, ಸಮತಟ್ಟಾದರೆ ಅಂಚಿಗೆ ಉರುಳಿ ತಣ್ಣಗಾಗುತ್ತದೆ.

ಕೂರಿಸುವ ಮೊದಲು ಹೇಂಟೆಯ ರೆಕ್ಕೆಯಡಿ, ಬಾಲದ ಬುಡ ಬಿಡಿಸಿ ಹೇನು ಇದೆಯೇ ನೋಡಿ. ಮೂರು ವಾರ ಅಲುಗಾಡದೆ ಕೂರುವ ಕೋಳಿಯನ್ನು ಹೇನು ಹಿಂಡಿಬಿಡುತ್ತದೆ, ತಡೆಯಲಾಗದೆ ಅದು ಮೊಟ್ಟೆ ಬಿಟ್ಟು ಎದ್ದೇ ಹೋಗುತ್ತದೆ. ಒಲೆಯ ತಣ್ಣಗಿನ ಬೂದಿಯನ್ನು ಗರಿಯ ಬುಡಕ್ಕೆ ತಾಗುವಂತೆ ಉಜ್ಜಿ. ಹುಲ್ಲಿನ ಕೆಳಗೆ ಒಂದು ಹಿಡಿ ಲಕ್ಕಿ ಸೊಪ್ಪು ಹಾಕುವುದು ನಮ್ಮ ಅಜ್ಜಿಯ ಕ್ರಮ, ನಾನೂ ಬಿಟ್ಟಿಲ್ಲ.

ಹಾವು, ಹೆಗ್ಗಣ, ಮುಂಗುಸಿ ಬರುವ ದಾರಿ ಮುಚ್ಚಿ. ಕೇರೆ ಹಾವಿಗೆ ಎರಡು ಬೆರಳಿನ ಸಂದು ಸಾಕು. ಅಗಲ ಕಣ್ಣಿನ ಕೋಳಿಬಲೆ ನಂಬಬೇಡಿ, ಅರ್ಧ ಇಂಚಿನ ಕಣ್ಣಿನ ತಂತಿಬಲೆಯೇ ಆಗಬೇಕು.

ಇಡುವ ರಾತ್ರಿ

ಹೇಂಟೆಯನ್ನು ಹೊಸ ಜಾಗಕ್ಕೆ ಒಯ್ಯುವುದು ಕತ್ತಲಾದ ಮೇಲೆ. ಹಗಲು ಒಯ್ದರೆ ಹಳೆಯ ಗೂಡಿಗೇ ಓಡುತ್ತದೆ. ಒಂದು ದಿನ ಸುಳ್ಳು ಮೊಟ್ಟೆಯ ಮೇಲೆ ಕೂತು ಅಭ್ಯಾಸವಾಗಲಿ. ಮರುರಾತ್ರಿ ಒಳ್ಳೆಯ ಮೊಟ್ಟೆಗಳನ್ನು ಎರಡೆರಡಾಗಿ ಎದೆಯಡಿ ಸರಿಸಿ, ಸುಳ್ಳು ಮೊಟ್ಟೆಗಳನ್ನು ತೆಗೆಯಿರಿ. ಮೊಟ್ಟೆ ತಾಗಿದ ಕೂಡಲೇ ಅದು ಕೊಕ್ಕಿನ ಕೆಳಭಾಗದಿಂದ ತನ್ನತ್ತ ಎಳೆದುಕೊಳ್ಳುತ್ತದೆ, ಮೈಯನ್ನು ಎಡಕ್ಕೆ ಬಲಕ್ಕೆ ಆಡಿಸಿ ಕೂರುತ್ತದೆ. ನೋಡುತ್ತ ನಿಲ್ಲಬೇಕೆನ್ನಿಸುವ ಹೊತ್ತು ಅದು. ಆದರೂ ದೀಪ ಆರಿಸಿ ಬಂದುಬಿಡಿ.

ಎಷ್ಟು ಇಡಬೇಕು? ಬೆಸ ಸಂಖ್ಯೆಯೇ ಆಗಬೇಕು ಎನ್ನುತ್ತಾರೆ ಹಿರಿಯರು. ಒಂದನ್ನು ನಡುವಿಗಿಟ್ಟು ಸುತ್ತ ಜೋಡಿಸಿದರೆ ಮೊಟ್ಟೆಗಳು ಉರುಟಾಗಿ ಕೂರುತ್ತವೆ ಎಂಬುದು ಅದರ ಹಿಂದಿನ ಲೆಕ್ಕವಿರಬಹುದು. ಸಾಧಾರಣ ಮೈಕಟ್ಟಿನ ಊರ ಹೇಂಟೆಗೆ 9ರಿಂದ 11 ಹಿತ. ಮುಂದೆ ನಿಂತು ನೋಡಿದಾಗ ಒಂದು ಮೊಟ್ಟೆಯೂ ಗರಿಯ ಹೊರಗೆ ಕಾಣಬಾರದು. ಆಸೆಗೆ ಎರಡು ಹೆಚ್ಚಿಟ್ಟರೆ ಕೆಡುವುದು ಆ ಎರಡೇ ಅಲ್ಲ. ಕೋಳಿ ದಿನಕ್ಕೆ ಎಷ್ಟೋ ಸಲ ಮೊಟ್ಟೆ ತಿರುಗಿಸಿ ಜಾಗ ಬದಲಿಸುತ್ತದೆ, ಇಂದು ಅಂಚಿನಲ್ಲಿದ್ದದ್ದು ನಾಳೆ ನಡುವಿಗೆ. ಹಾಗೆ ಒಂದೊಂದಾಗಿ ಎಲ್ಲಕ್ಕೂ ತಣ್ಣನೆ ತಾಗುತ್ತದೆ.

ಪ್ರತಿ ಮೊಟ್ಟೆಗೂ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದಿರಿ. ಗೆರೆ ಇಲ್ಲದ ಮೊಟ್ಟೆ ಕಂಡರೆ ಅದು ಬೇರೆ ಕೋಳಿಯದ್ದು, ತೆಗೆಯಿರಿ. ಇಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಸೋಮವಾರ ರಾತ್ರಿ ಇಟ್ಟರೆ ಮೂರು ವಾರ ಕಳೆದು ಬರುವ ಸೋಮವಾರಕ್ಕೆ 21 ದಿನ.

ಮೂರು ವಾರ

ಈಗ ನಿಮಗೆ ಕೆಲಸ ಕಡಿಮೆ. ದಿನಕ್ಕೊಮ್ಮೆ ಹೇಂಟೆ ಎದ್ದು ಬರುತ್ತದೆ, ಹದಿನೈದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ, ಒಂದು ದೊಡ್ಡ ನಾರುವ ಹಿಕ್ಕೆ ಹಾಕುತ್ತದೆ. ಆ ವಾಸನೆಗೆ ಗಾಬರಿ ಬೇಡ, ಇಡೀ ದಿನದ್ದನ್ನು ಗೂಡು ಕೊಳಕಾಗದಂತೆ ತಡೆದಿಟ್ಟಿರುತ್ತದೆ. ಭತ್ತ, ಕುಚ್ಚಲಕ್ಕಿಯ ನುಚ್ಚು, ಜೋಳ ಕೊಡಿ, ಕಾಳೇ ಒಳ್ಳೆಯದು. ಕಲಸಿದ ತೌಡು, ಅನ್ನ ಹೆಚ್ಚಾದರೆ ಹಿಕ್ಕೆ ತೆಳುವಾಗಿ ಮೊಟ್ಟೆಯ ಮೇಲೇ ಬೀಳುತ್ತದೆ. ಎರಡು ದಿನವಾದರೂ ಏಳದಿದ್ದರೆ ರೆಕ್ಕೆಯ ಕೆಳಗೆ ಮೊಟ್ಟೆ ಸಿಕ್ಕಿಕೊಂಡಿಲ್ಲವೆಂದು ನೋಡಿ, ಮೆಲ್ಲನೆ ಎತ್ತಿ ಕಾಳಿನ ಮುಂದೆ ಬಿಡಿ.

ಇಲ್ಲಿ ಆಗುವ ದೊಡ್ಡ ಎಡವಟ್ಟು, ತಿಂದು ವಾಪಸಾಗುವಾಗ ದಾರಿ ತಪ್ಪಿ ಹಳೆಯ ಗೂಡಿನಲ್ಲಿ ಕೂತುಬಿಡುವುದು. ಅದು ಕೂತೇ ಇದೆ, ಮೊಟ್ಟೆ ಮಾತ್ರ ಇನ್ನೆಲ್ಲೋ ತಣ್ಣಗಾಗುತ್ತಿರುತ್ತದೆ. ಅರ್ಧ ಗಂಟೆಯ ಮೇಲೆ ಹೋಗಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎರಡು ಮೂರು ಗಂಟೆ ತಣ್ಣಗಾಗಿದ್ದರೂ ಬಿಸಾಡಬೇಡಿ, ನಮ್ಮ ಹವೆಯಲ್ಲಿ ಅವು ಬದುಕಿರುವ ಸಾಧ್ಯತೆ ಹೆಚ್ಚು. ವಾಪಸ್ ಕೂರಿಸಿ, ನಾಲ್ಕು ದಿನ ಬಿಟ್ಟು ಬೆಳಕಿನಲ್ಲಿ ನೋಡಿ.

ಬೆಳಕಿನಲ್ಲಿ ನೋಡುವುದು ಏಳನೇ ರಾತ್ರಿ. ರಟ್ಟಿನ ತುಂಡಿನಲ್ಲಿ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಮೊಬೈಲ್ ಟಾರ್ಚಿನ ಮೇಲಿಟ್ಟು, ಮೊಟ್ಟೆಯ ಅಗಲದ ತುದಿಯನ್ನು ತೂತಿಗೆ ಒತ್ತಿ ಹಿಡಿಯಿರಿ. ಕೋಣೆ ಕತ್ತಲಿರಲಿ. ಜೀವ ಇರುವ ಮೊಟ್ಟೆ ಒಳಗಿನಿಂದ ಕೆಂಪಗೆ ಹೊಳೆಯುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಎಲ್ಲ ಕಡೆಗೂ ಜೇಡರ ಬಲೆಯಂತೆ ಹರಡಿದ ಸಣ್ಣ ರಕ್ತನಾಳಗಳು. ಅಲುಗಿಸದೆ ಹಿಡಿದರೆ ಆ ಚುಕ್ಕೆ ತಾನಾಗಿ ತೇಲಿ ಅತ್ತಿತ್ತ ಆಡುವುದು ಕಾಣುತ್ತದೆ. ಮೊದಲ ಸಲ ಕಂಡಾಗ ನಾನು ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದ್ದೆ. ಏನೂ ಇಲ್ಲದೆ ಹಳದಿಯಾಗಿ ಬೆಳಗಿದರೆ ಗೊಡ್ಡು ಮೊಟ್ಟೆ. ನಾಳಗಳಿಲ್ಲದೆ ಒಂದು ರಕ್ತದ ಉಂಗುರ ಮಾತ್ರ ಇದ್ದರೆ ಶುರುವಾಗಿ ಸತ್ತದ್ದು. ಇವೆರಡನ್ನೂ ತೆಗೆಯಲೇಬೇಕು, ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತವೆ. ಕಂದು ಚಿಪ್ಪಿನಲ್ಲಿ ಸ್ಪಷ್ಟ ಕಾಣದಿದ್ದರೆ ಹತ್ತನೇ ದಿನದವರೆಗೆ ಕಾಯಿರಿ. ಹದಿನಾಲ್ಕನೇ ರಾತ್ರಿ ಇನ್ನೊಮ್ಮೆ ನೋಡಿದರೆ ಗಾಳಿಗೂಡು ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರುತ್ತದೆ. ಅದಕ್ಕಿಂತ ಹೆಚ್ಚು ಸಲ ನೋಡುವ ಅಗತ್ಯವಿಲ್ಲ.

ಮೊಟ್ಟೆ ಒಂದು ಒಡೆದುಹೋದರೆ ಹುಲ್ಲು ಬದಲಿಸಿ. ಉಳಿದ ಮೊಟ್ಟೆಗಳಿಗೆ ಅಂಟಿದ್ದನ್ನು ಉಗುರು ಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ತಣ್ಣೀರು ಬೇಡ, ಮೊಟ್ಟೆ ಕುಗ್ಗಿ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂದು ಬುಟ್ಟಿಯಲ್ಲಿ ಕಬ್ಬಿಣದ ಮೊಳೆ, ಇದ್ದಿಲಿನ ತುಂಡು ಇಡುವವರಿದ್ದಾರೆ. ನಮ್ಮ ಅಜ್ಜಿಯೂ ಇಡುತ್ತಿದ್ದರು. ಗುಡುಗಿನ ದಿನಗಳೆಂದರೆ ಸೆಕೆ ಮತ್ತು ತೇವ ಎರಡೂ ಏರಿದ ದಿನಗಳು. ಆ ಕಾಲದಲ್ಲಿ ಮೊಟ್ಟೆ ಹೆಚ್ಚು ಕೆಡುವುದು ಅದರಿಂದಲೇ ಎಂದು ನನ್ನ ಎಣಿಕೆ.

ಹದಿನೆಂಟನೇ ದಿನದಿಂದ

ಇನ್ನು ಕೈ ಹಾಕಬಾರದು. ಹೇಂಟೆಯೂ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸುತ್ತದೆ, ಏಳುವುದೂ ಅಪರೂಪ. ಕಾಳು, ನೀರು ಅದರ ಕೊಕ್ಕಿಗೆ ಸಿಗುವಷ್ಟು ಹತ್ತಿರ ಇಡಿ. ಇಪ್ಪತ್ತನೇ ದಿನ ಕಿವಿಗೊಟ್ಟರೆ ಚಿಪ್ಪಿನೊಳಗಿಂದ ಸಣ್ಣ ಚೀಂ ಚೀಂ, ಅದಕ್ಕೆ ತಾಯಿ ಮೆಲುದನಿಯಲ್ಲಿ ಉತ್ತರ ಕೊಡುವುದು ಕೇಳುತ್ತದೆ.

ಚಿಪ್ಪಿನಲ್ಲಿ ಮೊದಲ ಸಣ್ಣ ಒಡಕು ಕಂಡಲ್ಲಿಂದ ಮರಿ ಹೊರಬರಲು ಒಂದು ಇಡೀ ದಿನ ಹಿಡಿಯಬಹುದು. ನಡುವೆ ಗಂಟೆಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಆ ಹೊತ್ತಿನಲ್ಲಿ ಹಳದಿಯ ಉಳಿಕೆಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನಾಳಗಳಲ್ಲಿನ ರಕ್ತವೂ ಮೈಗೆ ಸೇರುತ್ತಿರುತ್ತದೆ. ಎರಡನೇ ಸಲ ಮರಿ ಮಾಡಿಸಿದಾಗ ನಾನು ಕಾಯಲಾರದೆ ಒಂದರ ಚಿಪ್ಪು ಸುಲಿದೆ. ಪೊರೆಯಿಂದ ರಕ್ತ ಜಿನುಗಿತು, ಸಂಜೆಯೊಳಗೆ ಮರಿ ಸತ್ತಿತು. ಪಕ್ಕದ ಮನೆಯ ದೊಡ್ಡಮ್ಮ ಬಂದು ನೋಡಿ, "ಅದರಷ್ಟಕ್ಕೆ ಬಿಡ್ಬೇಕಿತ್ತು ಮಗಾ, ಅದಕ್ಕೆ ಇನ್ನೂ ಹೊತ್ತಾಗಿರಲಿಲ್ಲ" ಎಂದರು. ಅಂದಿನಿಂದ ಒಂದು ಚಿಪ್ಪನ್ನೂ ನಾನು ಮುಟ್ಟಿಲ್ಲ.

ನೀವು ಕಾಯಬೇಕಾದದ್ದು ಇರುವೆಗಳಿಂದ. ಒಡಕು ಬಿಟ್ಟ ಚಿಪ್ಪಿನ ಹಸಿ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬರುತ್ತದೆ, ಹೊರಗೆ ಬರಲಾಗದ ಮರಿಯನ್ನು ಒಳಗೇ ಮುಗಿಸುತ್ತದೆ. ಹದಿನೆಂಟನೇ ದಿನಕ್ಕೆ ಮೊದಲೇ ಬುಟ್ಟಿಯನ್ನು ಗಿಡ್ಡ ಮಣೆಯ ಮೇಲೇರಿಸಿ, ಮಣೆಯ ಕಾಲುಗಳನ್ನು ನೀರು ತುಂಬಿದ ತೆಂಗಿನ ಗೆರಟೆಗಳಲ್ಲಿ ನಿಲ್ಲಿಸಿ. ನೀರು ಆರದಂತೆ ದಿನಾ ನೋಡಿ, ಬುಟ್ಟಿ ಗೋಡೆಗೆ ತಾಗದಿರಲಿ.

ಮೊದಲ ಮರಿ ಬಂದ ಮೇಲೂ ಹೇಂಟೆ ಒಂದೆರಡು ದಿನ ಕೂತೇ ಇರುತ್ತದೆ. ಹೊಟ್ಟೆಯೊಳಗಿನ ಹಳದಿಯಿಂದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು, ಅವಸರ ಬೇಡ. ಖಾಲಿ ಚಿಪ್ಪುಗಳನ್ನು ಮಾತ್ರ ತೆಗೆಯಿರಿ. ಇಪ್ಪತ್ತಮೂರನೇ ದಿನಕ್ಕೂ ಒಡೆಯದೆ ಉಳಿದವನ್ನು ಮನೆಯ ಹತ್ತಿರ ಒಡೆಯಬೇಡಿ, ತೆಂಗಿನ ಬುಡದಲ್ಲಿ ಆಳವಾಗಿ ಹೂತುಬಿಡಿ.

ಮರಿ ಇಳಿದ ಮೇಲೆ

ಬುಟ್ಟಿಯನ್ನು ನೆಲಕ್ಕಿಳಿಸಿ. ಅಗಲ ತಟ್ಟೆಯಲ್ಲಿ ನೀರು, ಮರಿ ಬಿದ್ದು ಮುಳುಗದಂತೆ ಅದರಲ್ಲಿ ಒಂದಷ್ಟು ಕಲ್ಲು. ತಿನ್ನಲು ಮರಿಗಳ ಸ್ಟಾರ್ಟರ್ ಆಹಾರ ಅಥವಾ ಸಣ್ಣ ನುಚ್ಚು. ಒರಲೆ ಹಿಡಿದ ಮರದ ತುಂಡು ಸಿಕ್ಕಿದರೆ ಅಂಗಳದಲ್ಲಿ ಕೊಡವಿ, ತಾಯಿ ಕರೆದು ಕರೆದು ಮರಿಗಳಿಗೆ ತಿನ್ನಿಸುತ್ತದೆ. ಮೊದಲ ಎರಡು ವಾರ ಕಾಗೆ, ಗಿಡುಗ, ಬೆಕ್ಕಿನ ಭಯವಿರುವುದರಿಂದ ಬಲೆಯೊಳಗೇ ಇರಲಿ.

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಲಸಿಕೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕಿಸಿ. ಈ ರೋಗ ಬಂದರೆ ಮದ್ದಿಲ್ಲ, ಊರಿಗೆ ಊರೇ ಕೋಳಿ ಖಾಲಿಯಾಗುತ್ತದೆ. ಲಸಿಕೆಯ ಒಂದು ಬಾಟಲಿಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಮ್ಮ ಓಣಿಯ ಆರು ಮನೆಯವರು ಈಗ ಒಂದೇ ವಾರದಲ್ಲಿ ಮೊಟ್ಟೆ ಇಡುವ ಹಾಗೆ ಮೊದಲೇ ಮಾತಾಡಿಕೊಳ್ಳುತ್ತೇವೆ. ಮರಿ ಬಂದ ಮೇಲೆ ಒಬ್ಬರು ಫ್ಲಾಸ್ಕಿನಲ್ಲಿ ಐಸ್ ಹಾಕಿ ಲಸಿಕೆ ತರುತ್ತಾರೆ, ಸಂಜೆ ಒಂದು ಮನೆಯಿಂದ ಶುರು ಮಾಡಿ ಆರೂ ಮನೆಯ ಮರಿಗಳಿಗೆ ಹಾಕಿ ಮುಗಿಸುತ್ತೇವೆ.